ಧಾತು ಒಂದೇ, ಬೂಟಿನ ಒಳಗೊಂದು ಹೊರಗೊಂದು

ಇಂಗ್ಲಿಷಿನ ಮೂಲಕ ಫ್ರೆಂಚ್ ಹೇಳಿಕೊಡುವ ಮೇಷ್ಟ್ರುಗಳ ಬಳಿ ಒಂದು ಹಳೆಯ ಉಪಾಯವಿದೆ. ಕಪ್ಪುಹಲಗೆಯ ಮೇಲೆ ಆರು ಮನೆಗಳ ಕೋಷ್ಟಕ ಹಾಕುತ್ತಾರೆ. ಎಡಗಡೆ ಮೇಲಿಂದ ಕೆಳಗೆ ನಾನು, ನೀನು, ಅವನು. ಬಲಗಡೆ ನಾವು, ನೀವು, ಅವರು. ಕ್ರಿಯಾಪದದ ರೂಪಗಳನ್ನು ಆರೂ ಮನೆಗಳಲ್ಲಿ ತುಂಬಿದ ಮೇಲೆ, ಎಡಗಡೆಯ ಮೂರನ್ನೂ ಬಲಗಡೆಯ ಕೊನೆಯದನ್ನೂ ಸೇರಿಸಿ ಒಂದು ಗೆರೆ ಸುತ್ತುತ್ತಾರೆ. ಗೆರೆ ಬೂಟಿನ ಆಕಾರಕ್ಕೆ ಬರುತ್ತದೆ. ಬೂಟಿನೊಳಗೆ ಇರುವವು ಒಂದು ಜಾತಿ, ಹೊರಗೆ ಉಳಿದ ‘ನಾವು’ ಮತ್ತು ‘ನೀವು’ ಇನ್ನೊಂದು ಜಾತಿ. ಇಂಥ ಕ್ರಿಯಾಪದಗಳಿಗೆ ‘ಬೂಟ್ ವರ್ಬ್’ ಎಂದೇ ಹೆಸರು.

‘ಬರು’ ಎಂಬ ಅರ್ಥದ ವನೀರ್ ಅನ್ನು ತೆಗೆದುಕೊಳ್ಳಿ. ಜ್ ವ್ಯಾಂ, ತ್ಯು ವ್ಯಾಂ, ಇಲ್ ವ್ಯಾಂ ಎಂದರೆ ನಾನು ಬರುತ್ತೇನೆ, ನೀನು ಬರುತ್ತೀಯೆ, ಅವನು ಬರುತ್ತಾನೆ. ನೂ ವನೋಂ, ವೂ ವನೇ ಎಂದರೆ ನಾವು ಬರುತ್ತೇವೆ, ನೀವು ಬರುತ್ತೀರಿ. ಕೊನೆಗೆ ಇಲ್ ವ್ಯೆನ್, ಅವರು ಬರುತ್ತಾರೆ. (ಫ್ರೆಂಚ್ ಪದಗಳನ್ನು ಇಲ್ಲಿ ಕಿವಿಗೆ ಕೇಳಿಸುವ ಹಾಗೆ ಬರೆದಿದ್ದೇನೆ. ಅಂಥ ಪದದ ಕೊನೆಯಲ್ಲಿ ಸೊನ್ನೆ ಕಂಡರೆ ಸ್ವರವನ್ನೇ ಮೂಗಿನಿಂದ ಹೊರಡಿಸಬೇಕು. ಬಾಯಿ ಮುಚ್ಚಿ ‘ಮ್’ ಎನ್ನಬಾರದು.)

ಬರು, ಬಂದ, ಬಾ ಎಂದು ದಿನವೂ ಹೇಳುವ ನಮಗೆ ಧಾತು ತನ್ನ ರೂಪ ಬದಲಿಸುವುದು ಹೊಸದಲ್ಲ. ವಿಚಿತ್ರವಾಗಿ ಕಾಣುವುದು ಗೆರೆ ಎಳೆದಿರುವ ಜಾಗ. ಏಕವಚನ ಒಂದು ಕಡೆ, ಬಹುವಚನ ಇನ್ನೊಂದು ಕಡೆ ಎಂದಿದ್ದರೆ ಒಪ್ಪಬಹುದಿತ್ತು. ‘ಅವರು’ ಎಂಬ ಬಹುವಚನ ತನ್ನವರನ್ನು ಬಿಟ್ಟು ಏಕವಚನಗಳ ಗುಂಪಿಗೆ ಸೇರಿದ್ದೇಕೆ? ವನೀರ್ ಒಂದರಲ್ಲಿ ಹೀಗಾಗಿದ್ದರೆ ಆಕಸ್ಮಿಕ ಎನ್ನಬಹುದು. ಆದರೆ ‘ಹಿಡಿ’ ಎಂಬ ಅರ್ಥದ ಕ್ರಿಯಾಪದದಲ್ಲಿ ತ್ಯಾಂ ಒಳಗೆ, ತನೋಂ ಹೊರಗೆ. ‘ಕೊಡಬೇಕಾಗಿರು’ ಎನ್ನುವಲ್ಲಿ ದ್ವಾ ಒಳಗೆ, ದವೋಂ ಹೊರಗೆ. ‘ಸಾಯು’ವಿನಲ್ಲಿ ಮರ್ ಒಳಗೆ, ಮುರೋಂ ಹೊರಗೆ. ‘ಕುಡಿ’ಯಲ್ಲಿ ಬ್ವಾ ಒಳಗೆ, ಬ್ಯುವೋಂ ಹೊರಗೆ. ಎಲ್ಲಕ್ಕೂ ಒಂದೇ ಅಳತೆಯ ಬೂಟು. ವ್ಯಾಕರಣ ಪುಸ್ತಕಗಳು ಇವನ್ನೆಲ್ಲ ‘ಅನಿಯಮಿತ’ ಎಂಬ ಪೆಟ್ಟಿಗೆಗೆ ಹಾಕಿ, ಉರು ಹೊಡೆಯಿರಿ ಎಂದು ಕೈತೊಳೆದುಕೊಳ್ಳುತ್ತವೆ. ಅನಿಯಮಿತವಾದದ್ದು ಇಷ್ಟು ಕ್ರಮವಾಗಿ ಇರಲಾರದು. ಧಾತು ಇಲ್ಲಿ ಚಂಚಲವಾಗಿಲ್ಲ. ಅದನ್ನು ಎರಡಾಗಿ ಸೀಳಿದ್ದು ಸಿಲಬಲ್. ನಮ್ಮ ಛಂದಸ್ಸಿನವರು ಅಕ್ಷರ ಎಂದು ಎಣಿಸುವ ಉಚ್ಚಾರಣೆಯ ತುಂಡು.

‘ಇರು’ ಮತ್ತು ‘ಹೋಗು’ ಎಂಬ ಅರ್ಥದ ಎರಡನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಬೇಕು. ಅವು ಬೇರೆಬೇರೆ ಲ್ಯಾಟಿನ್ ಧಾತುಗಳನ್ನು ಒಂದೇ ಸೂರಿನಡಿ ಕೂಡಿಸಿಕೊಂಡಿರುವ ಸಂಸಾರಗಳು. ಅವುಗಳ ಕಥೆಯೇ ಬೇರೆ.

ಉಳಿದವುಗಳ ಬೀಗ ತೆರೆಯುವ ಕೀಲಿ ಕನ್ನಡ ಓದುಗರ ಕೈಯಲ್ಲಿ ಆಗಲೇ ಇದೆ. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ಸಾಕು. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನದು ಗುರು, ವ್ಯಂಜನದಿಂದ ಮುಚ್ಚಿಕೊಳ್ಳುವುದೂ ಗುರು, ಉಳಿದವು ಲಘು. ಲ್ಯಾಟಿನ್ ತನ್ನ ಪದಗಳ ಮೇಲೆ ದನಿಯ ಒತ್ತನ್ನು ಎಲ್ಲಿ ಇಡಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಇದೇ ಗುರು-ಲಘು ಲೆಕ್ಕದಿಂದ. ಕೊನೆಯಿಂದ ಎರಡನೆಯ ಸಿಲಬಲ್ ಗುರುವಾಗಿದ್ದರೆ ಒತ್ತು ಅದರ ಮೇಲೆ. ಅದು ಲಘುವಾಗಿದ್ದರೆ ಒತ್ತು ಇನ್ನೊಂದು ಹೆಜ್ಜೆ ಹಿಂದಕ್ಕೆ. ಎರಡೇ ಸಿಲಬಲ್ ಇದ್ದರೆ ಮೊದಲನೆಯದಕ್ಕೆ.

ಈಗ ‘ಬರು’ವಿನ ಲ್ಯಾಟಿನ್ ರೂಪಗಳಿಗೆ ಪ್ರಸ್ತಾರ ಹಾಕೋಣ. ವೆ-ನಿತ್, ಅಂದರೆ ಅವನು ಬರುತ್ತಾನೆ: ಎರಡೇ ಸಿಲಬಲ್, ಒತ್ತು ‘ವೆ’ ಮೇಲೆ, ಅಂದರೆ ಧಾತುವಿನ ಮೇಲೆ. ವೆ-ನೀ-ಮುಸ್, ನಾವು ಬರುತ್ತೇವೆ: ನಡುವಿನ ‘ನೀ’ ದೀರ್ಘ, ಆದ್ದರಿಂದ ಗುರು, ಒತ್ತು ಧಾತುವನ್ನು ಬಿಟ್ಟು ಪ್ರತ್ಯಯಕ್ಕೆ ಜಾರಿತು. ವೆ-ನೀ-ತಿಸ್, ನೀವು ಬರುತ್ತೀರಿ: ಅಲ್ಲಿಯೂ ಅದೇ. ವೆ-ನಿ-ಉಂತ್, ಅವರು ಬರುತ್ತಾರೆ: ನಡುವಿನ ‘ನಿ’ ಹ್ರಸ್ವ, ಲಘು, ಒತ್ತು ಹಿಂದಕ್ಕೆ ಸರಿದು ಮತ್ತೆ ‘ವೆ’ ಮೇಲೆಯೇ. ‘ಅವರು’ ಏಕವಚನಗಳ ಜೊತೆ ಹೋಗಿ ನಿಂತ ಗುಟ್ಟು ಇಷ್ಟೇ. ವಚನಕ್ಕೂ ಪುರುಷಕ್ಕೂ ಅದರಲ್ಲಿ ಪಾತ್ರವಿಲ್ಲ. ಬೂಟಿನ ಗೆರೆ ಎಂದರೆ ಎರಡು ಸಾವಿರ ವರ್ಷಗಳ ಹಿಂದೆ ರೋಮಿನವರ ದನಿ ಎಲ್ಲೆಲ್ಲಿ ಒತ್ತಿ ನುಡಿಯುತ್ತಿತ್ತೋ ಅದರ ನಕ್ಷೆ.

ಒತ್ತು ಬಿದ್ದಷ್ಟಕ್ಕೇ ಸ್ವರ ಬದಲಾಗಬೇಕೆಂದೇನೂ ಇಲ್ಲ. ಅಲ್ಲಿ ಎರಡನೆಯ ಷರತ್ತು ಬರುತ್ತದೆ. ಈಗಿನ ಫ್ರಾನ್ಸ್ ಇರುವ ಗಾಲ್ ಪ್ರಾಂತ್ಯದ ಜನರ ಬಾಯಲ್ಲಿ ಲ್ಯಾಟಿನ್ ಸವೆಯುತ್ತ ಬಂದಂತೆ ಹಳೆಯ ಹ್ರಸ್ವ-ದೀರ್ಘ ಭೇದ ಅಳಿಯಿತು. ಅದರ ಬದಲಿಗೆ, ಒತ್ತು ಬಿದ್ದ ಸಿಲಬಲ್ ತೆರೆದಿದ್ದರೆ, ಎಂದರೆ ಸ್ವರದಲ್ಲೇ ಕೊನೆಗೊಳ್ಳುತ್ತಿದ್ದರೆ, ಆ ಸ್ವರ ಎಳೆದುಕೊಂಡಿತು. ಎಳೆದುಕೊಂಡು ಕ್ರಮೇಣ ಬಣ್ಣ ಬದಲಿಸಿತು ಇಲ್ಲವೇ ಎರಡಾಗಿ ಒಡೆಯಿತು. ವ್ಯಂಜನದಿಂದ ಮುಚ್ಚಿದ್ದರೆ ಸ್ವರಕ್ಕೆ ಎಳೆದುಕೊಳ್ಳಲು ಜಾಗವಿಲ್ಲ, ಇದ್ದ ಹಾಗೇ ಉಳಿಯಿತು. ಸಮುದ್ರಕ್ಕೆ ಲ್ಯಾಟಿನ್‌ನಲ್ಲಿ ಮ-ರೆ, ತೆರೆದದ್ದು. ಫ್ರೆಂಚಿನಲ್ಲಿ ಮೆರ್ ಆಯಿತು. ಪಾಲು ಎಂಬುದಕ್ಕೆ ಪರ್-ತೆಮ್, ಮುಚ್ಚಿದ್ದು. ಪಾರ್ ಆಗಿ ‘ಅ’ಕಾರ ಉಳಿಸಿಕೊಂಡಿತು. ಕಾಲಿಗೆ ಪೆ-ದೆಮ್, ಅದು ಪ್ಯೇ. ಏಳಕ್ಕೆ ಸೆಪ್-ತೆಮ್, ಅದು ಸೆತ್. ತಂದೆಯ ಪ-ತ್ರೆಮ್ ಒಂದು ಮೋಜಿನ ಪದ: ಒತ್ತಕ್ಷರ ಇದ್ದರೂ ‘ತ್ರ’ ಜೋಡಿ ಇಡಿಯಾಗಿ ಮುಂದಿನ ಸಿಲಬಲ್‌ಗೆ ಹಾರಿಬಿಡುವುದರಿಂದ ಹಿಂದಿನ ‘ಪ’ ತೆರೆದೇ ಉಳಿದು ಪೆರ್ ಆಯಿತು. ಹಳಗನ್ನಡ ಓದಿದವರಿಗೆ ಶಿಥಿಲದ್ವಿತ್ವ ನೆನಪಾಗಬಹುದು. ಕಾರಣ ಬೇರೆಯಾದರೂ, ಒತ್ತಕ್ಷರವಿದ್ದೂ ಹಿಂದಿನದು ಗುರುವಾಗದೆ ಉಳಿಯುವ ಚಮತ್ಕಾರ ಎರಡೂ ಕಡೆ ಇದೆ.

ಕ್ರಿಯಾಪದಗಳಿಗೆ ಇದನ್ನು ಹಚ್ಚಿ ನೋಡಿದರೆ ಕಣ್ಣು ಅರಳುತ್ತದೆ. ‘ಸಾಯು’ವಿನ ಲ್ಯಾಟಿನ್ ಮೊ-ರಿತ್ ತೆರೆದದ್ದು: ಒತ್ತು ಬಿದ್ದಲ್ಲಿ ಸ್ವರ ಬದಲಾಗಿ ಮರ್, ಒತ್ತು ಇಲ್ಲದಲ್ಲಿ ಮುರೋಂ. ‘ಹೊರು’ವಿನ ಪೋರ್-ತತ್ ಮುಚ್ಚಿದ್ದು: ಒತ್ತು ಬಿದ್ದರೂ ಪೋರ್ತ್, ಬೀಳದಿದ್ದರೂ ಪೋರ್ತೋಂ. ‘ಹಾಡು’ವಿನ ಕನ್-ತತ್ ಮುಚ್ಚಿದ್ದು: ಶಾಂತ್, ಶಾಂತೋಂ. ಪಠ್ಯಪುಸ್ತಕದ ಮೊದಲ ಪಾಠದಲ್ಲಿ ‘ನಿಯಮಿತ’ ಎಂದು ಬೆನ್ನು ತಟ್ಟಿಸಿಕೊಳ್ಳುವ ಹಾಡು, ಹೊರು ಮುಂತಾದವು ಸಾಧುವಾಗಿ ಹುಟ್ಟಿದ್ದೇನೂ ಅಲ್ಲ. ಅವುಗಳ ಧಾತುವಿನ ಬಾಗಿಲು ಮುಚ್ಚಿತ್ತು, ಅಷ್ಟೇ.

ಇದನ್ನೆಲ್ಲ ಬಿಡಿಸಿ ಹೇಳಿದವರು 19ನೇ ಶತಮಾನದ ಪಂಡಿತರು. ಅವರ ಚೀಲದಲ್ಲಿ ಭಾರತದ ಸರಕೂ ಇತ್ತು. ‘ಮೂಲ’ ಎಂಬ ಕಲ್ಪನೆ ಹೀಬ್ರೂ ವ್ಯಾಕರಣದ ಮೂಲಕ ಯೂರೋಪಿಗೆ ಪರಿಚಿತವಾಗಿಯೇ ಇತ್ತಾದರೂ, ಒಂದು ಕ್ರಿಯಾಪದವನ್ನು ಧಾತು, ಪ್ರತ್ಯಯ ಎಂದು ಎಲುಬು ಬಿಡಿಸಿದಂತೆ ಬಿಡಿಸಿ ತೋರಿಸುವ ಶಿಸ್ತನ್ನು ಅವರು ಕಂಡದ್ದು ಸಂಸ್ಕೃತ ವ್ಯಾಕರಣದಲ್ಲಿ. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಸಂಸ್ಕೃತದ ಹಸ್ತಪ್ರತಿಗಳಿದ್ದವು. 1803ರಲ್ಲಿ ಇಂಗ್ಲೆಂಡ್-ಫ್ರಾನ್ಸ್ ಯುದ್ಧ ಮತ್ತೆ ಶುರುವಾದಾಗ, ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದು ಸಂಸ್ಕೃತ ಕಲಿತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟ್‌ಲೆಂಡಿನವ ಪ್ಯಾರಿಸ್ಸಿನಲ್ಲೇ ಸಿಕ್ಕಿಬಿದ್ದ. ಶತ್ರುದೇಶದವನಾದರೂ ಅವನನ್ನು ಆ ಹಸ್ತಪ್ರತಿಗಳ ಪಟ್ಟಿ ಮಾಡಲು ಬಿಟ್ಟರು. ಬಿಡುವಿನಲ್ಲಿ ಅವನು ಜರ್ಮನ್ ಲೇಖಕ ಫ್ರೀಡ್ರಿಶ್ ಶ್ಲೇಗಲ್‌ಗೆ ಸಂಸ್ಕೃತ ಹೇಳಿಕೊಟ್ಟ. ಕೆಲವು ವರ್ಷಗಳ ಅನಂತರ ಅದೇ ಊರಿಗೆ ಬಂದು ಓದಿದ ಫ್ರಾಂಟ್ಸ್ ಬಾಪ್ 1816ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪರ್ಷಿಯನ್, ಜರ್ಮಾನಿಕ್ ಭಾಷೆಗಳ ಕ್ರಿಯಾರೂಪಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ. ಅದೇ ಪದ್ಧತಿಯನ್ನು ಬಾನ್ ನಗರದ ಫ್ರೀಡ್ರಿಶ್ ಡೀಟ್ಸ್ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳಿಗೆ ಹಚ್ಚಿದ. ಡೀಟ್ಸ್ ಬಳಿ ಓದಿ ಮರಳಿದ ಗಾಸ್ತೋಂ ಪಾರೀಸ್ 1862ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಫ್ರೆಂಚ್ ಪದಗಳ ರೂಪವನ್ನು ತೀರ್ಮಾನಿಸಿದ್ದು ಲ್ಯಾಟಿನ್ ಒತ್ತು ಎಂದು ಒಂದು ಪುಸ್ತಕವನ್ನೇ ಬರೆದ. 1876ರಲ್ಲಿ ಆರ್ಸೆನ್ ದಾರ್ಮ್‌ಸ್ತೆತೇರ್ ಇನ್ನೊಂದು ನಿಯಮ ಕೂಡಿಸಿದ: ಒತ್ತಿಗೆ ಮೊದಲು ಬರುವ, ಆದರೆ ಪದದ ಆರಂಭದಲ್ಲಿಲ್ಲದ ತೆರೆದ ಸಿಲಬಲ್‌ನ ಸ್ವರ ಉದುರಿಹೋಗುತ್ತದೆ, ‘ಅ’ಕಾರವಾದರೆ ಮಾತ್ರ ಕ್ಷೀಣವಾಗಿ ಉಳಿಯಬಹುದು. ಪದದ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಸಿಲಬಲ್‌ಗೆ ಉಳಿಗಾಲವಿಲ್ಲ ಎಂದ ಹಾಗೆ.

ಈ ಎರಡನೆಯ ನಿಯಮದ ಹೊಡೆತಕ್ಕೆ ಸಿಕ್ಕಿದ ಧಾತುಗಳು ಸ್ವರ ಬದಲಿಸಿ ಸುಮ್ಮನಾಗಲಿಲ್ಲ, ಸಿಲಬಲ್‌ಗಳನ್ನೇ ಕಳೆದುಕೊಂಡವು. ‘ಮಾತಾಡು’ವಿಗೆ ಫ್ರೆಂಚಿನಲ್ಲಿ ಪಾರ್ಲೇ. ಅದರ ಹಿಂದಿರುವುದು ಕ್ರೈಸ್ತರ ಲ್ಯಾಟಿನ್‌ನ ಪರಬೊಲಾರೆ: ದೃಷ್ಟಾಂತ ಕಥೆ ಹೇಳು ಎಂದಿದ್ದದ್ದು ಬರಿದೆ ಮಾತಾಡು ಎಂದಾಯಿತು. ಪ-ರ-ಬೊ-ಲೊ, ನಾನು ಮಾತಾಡುತ್ತೇನೆ: ‘ಬೊ’ ಲಘುವಾದ್ದರಿಂದ ಒತ್ತು ‘ರ’ ಮೇಲೆ, ಅದು ಹಳೆಯ ಫ್ರೆಂಚಿನಲ್ಲಿ ‘ಪರೋಲ್’ ಆಯಿತು. ಪ-ರ-ಬೊ-ಲಾ-ಮುಸ್, ನಾವು ಮಾತಾಡುತ್ತೇವೆ: ಒತ್ತು ‘ಲಾ’ ಮೇಲೆ, ನಡುವಿನವು ಕರಗಿ ‘ಪರ್ಲೋಂ’. ಹೀಗೆ 12ನೇ ಶತಮಾನದವನೊಬ್ಬ ‘ನಾನು ಪರೋಲ್, ನಾವು ಪರ್ಲೋಂ’ ಎನ್ನುತ್ತಿದ್ದ. ಇಂದು ಆರೂ ಮನೆಗಳಲ್ಲಿ ‘ಪಾರ್ಲ್’ ಧಾತುವೇ ಇದೆ. ಮಾತು ಎಂಬ ನಾಮಪದ ಮಾತ್ರ ಇನ್ನೂ ಪಾರೋಲ್.

ಇದಕ್ಕಿಂತ ಸೊಗಸಾದದ್ದು ಊಟದ ಕಥೆ. ಉಪವಾಸ ಮುರಿ ಎಂಬ ಅರ್ಥದ ದಿಸ್‌ಯೆಯುನಾರೆ ಎಂಬೊಂದು ಉದ್ದನೆಯ ಲ್ಯಾಟಿನ್ ಕ್ರಿಯಾಪದವಿತ್ತು. ಒತ್ತು ಧಾತುವಿನ ‘ಯು’ ಮೇಲೆ ಬಿದ್ದ ರೂಪಗಳಲ್ಲಿ ಆ ಭಾಗ ಉಳಿಯಿತು. ಒತ್ತು ಪ್ರತ್ಯಯಕ್ಕೆ ಹೋದ ರೂಪಗಳಲ್ಲಿ ನಡುವಿನದೆಲ್ಲ ಕುಸಿದು ಪದ ಗಿಡ್ಡವಾಯಿತು. ಎರಡರ ನಡುವಿನ ದೂರ ಎಷ್ಟಾಯಿತೆಂದರೆ ಇವು ಒಂದೇ ಕ್ರಿಯಾಪದ ಎಂದು ಜನರಿಗೆ ಅನ್ನಿಸದೇ ಹೋಯಿತು. ಗಿಡ್ಡ ರೂಪ ಬೆಳೆದು ದೀನೇ, ಉದ್ದ ರೂಪ ಬೆಳೆದು ದೇಜನೇ. ಎರಡೂ ಪ್ರತ್ಯೇಕ ಸಂಸಾರ ಹೂಡಿ, ತಂತಮ್ಮ ಆರು ಮನೆಗಳನ್ನು ಕಟ್ಟಿಕೊಂಡವು. ಮುರಿಯಬೇಕಾದ ಉಪವಾಸ ಮಾತ್ರ ಒಂದೇ ಆದ್ದರಿಂದ ಯಾವ ಊಟ ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. ಇಂದು ಪ್ಯಾರಿಸ್ಸಿನಲ್ಲಿ ದೇಜನೇ ಎಂದರೆ ಮಧ್ಯಾಹ್ನದ ಊಟ, ದೀನೇ ರಾತ್ರಿಯದು. ಬೆಳಗಿನದಕ್ಕೆ ‘ಚಿಕ್ಕ ದೇಜನೇ’ ಎಂದು ಹೊಸ ಹೆಸರು ಹುಡುಕಬೇಕಾಯಿತು. ಕ್ವಿಬೆಕ್‌ನಲ್ಲಿ, ಬೆಲ್ಜಿಯಂ ಮತ್ತು ಸ್ವಿಟ್ಜರ್‌ಲೆಂಡಿನ ಫ್ರೆಂಚ್ ಭಾಷಿಕರಲ್ಲಿ ದೇಜನೇ ಬೆಳಗಿನ ತಿಂಡಿ, ದೀನೇ ಮಧ್ಯಾಹ್ನದ ಊಟ. ಗುರುತಿಲ್ಲದ ಊರಲ್ಲಿ ದೀನೇಗೆ ಕರೆದರೆ ಎಷ್ಟು ಗಂಟೆಗೆ ಎಂದು ಕೇಳಿಕೊಂಡೇ ಹೊರಡುವುದು ಕ್ಷೇಮ.

ಹಳೆಯ ಫ್ರೆಂಚಿನಲ್ಲಿ ಬೂಟು ಹಾಕಿದ ಕ್ರಿಯಾಪದಗಳು ಈಗಿನದಕ್ಕಿಂತ ಬಹಳ ಹೆಚ್ಚು. ‘ಪ್ರೀತಿಸು’ವಿನಲ್ಲಿ ನಾನು ‘ಎಮ್’ ಎಂದರೆ ನಾವು ‘ಅಮೋಂ’. ‘ಅಳು’ವಿನಲ್ಲೂ, ‘ತೊಳೆ’ಯಲ್ಲೂ ಎರಡೆರಡು ಧಾತುರೂಪ. ಆಡುವ ಬಾಯಿಗೆ ಇದು ಹೊರೆ. 13ರಿಂದ 17ನೇ ಶತಮಾನದವರೆಗೆ ಒಂದೊಂದೇ ಕ್ರಿಯಾಪದ ತನ್ನ ಒಡೆದ ಧಾತುವನ್ನು ಬೆಸೆದುಕೊಂಡಿತು. ಯಾವ ತುಂಡು ಗೆಲ್ಲಬೇಕು ಎಂಬುದಕ್ಕೆ ಮಾತ್ರ ನಿಯಮವಿಲ್ಲ. ‘ಪ್ರೀತಿಸು’ವಿನಲ್ಲಿ ಬೂಟಿನೊಳಗಿನದು ಗೆದ್ದು ಎಲ್ಲವೂ ಎಮ್-, ಸೋತ ‘ಅಮ್-’ ಪ್ರೇಮಿ ಎಂಬ ಅರ್ಥದ ಆಮಾಂ ಪದದಲ್ಲಿ ಅಡಗಿ ಕೂತಿದೆ. ‘ಅಳು’ವಿನಲ್ಲೂ ಒಳಗಿನದೇ ಗೆದ್ದು ಪ್ಲರ್-, ಹೊರಗಿನ ‘ಪ್ಲೋರ್-’ ಕಣ್ಣೀರಿನಲ್ಲಿ ಮುಳುಗಿದವ ಎಂಬ ಅರ್ಥದ ಏಪ್ಲೋರೇ ಪದದಲ್ಲಿ ಬದುಕಿದೆ. ‘ಸಾಬೀತು ಮಾಡು’ವಿನಲ್ಲಿ ತದ್ವಿರುದ್ಧ: ಹೊರಗಿನ ಪ್ರೂವ್- ಗೆದ್ದು, ಒಳಗಿನ ಪ್ರವ್ ಈಗ ಪುರಾವೆ ಎಂಬ ನಾಮಪದ ಮಾತ್ರ. ಹೀಗೆ ಸೋತ ರೂಪಗಳು ನಿಘಂಟಿನ ಬೇರೆ ಪುಟಗಳಲ್ಲಿ ಸಿಗುವುದರಿಂದಲೇ, ಕ್ರಿಯಾಪದಕ್ಕೂ ಅದರ ನಾಮಪದಕ್ಕೂ ಸ್ವರ ಹೊಂದುವುದಿಲ್ಲವಲ್ಲ ಎಂದು ಕಲಿಯುವವರು ತಲೆ ಕೆರೆದುಕೊಳ್ಳುವುದು.

‘ಕಂಡುಕೊಳ್ಳು’ ಎಂಬುದರ ಬೆಸುಗೆ ಎಲ್ಲರ ಕಣ್ಣೆದುರೇ ನಡೆಯಿತು. ನಾನು ‘ತ್ರವ್’, ನಾವು ‘ತ್ರೂವೋಂ’ ಎಂದಿದ್ದ ಕಾಲದಿಂದ ಎರಡೂ ಎಲ್ಲೆಡೆ ಬಳಕೆಯಾಗುವ ಗೊಂದಲದವರೆಗೆ ಅದು ಬಂದಿತ್ತು. 1647ರಲ್ಲಿ ವೈಯಾಕರಣ ವೋಜಲಾ ತನ್ನ ಭಾಷಾ ಟಿಪ್ಪಣಿಗಳಲ್ಲಿ, ಎರಡೂ ಸರಿ, ಆದರೆ ತ್ರೂವ್- ಬಹಳ ಮೇಲು ಎಂದು ತೀರ್ಪು ಕೊಟ್ಟ. ಆಸ್ಥಾನದ ಕಿವಿ ಅವನ ಮಾತು ಕೇಳುತ್ತಿತ್ತು. ಆದರೂ 1666ರಲ್ಲಿ ಮೋಲಿಯೇರ್ ‘ಮಿಜಾಂತ್ರೋಪ್’ ನಾಟಕದಲ್ಲಿ ನಾಯಕ ಆಲ್ಸೆಸ್ತ್‌ನ ಬಾಯಲ್ಲಿ ‘ವವ್’, ಅಂದರೆ ವಿಧವೆ, ಎಂಬುದಕ್ಕೆ ಪ್ರಾಸವಾಗಿ ಹಳೆಯ ‘ತ್ರವ್’ ಅನ್ನೇ ಇಟ್ಟ. ನಾಯಕಿ ವಿಧವೆಯಾಗಿರುವಾಗ ಬೇರೆ ದಾರಿಯೂ ಇರಲಿಲ್ಲ ಎನ್ನಿ. ಪ್ರಾಸದ ದಾಕ್ಷಿಣ್ಯಕ್ಕೆ ಬದುಕಿದ್ದ ರೂಪ ಕ್ರಮೇಣ ಮರೆಯಾಯಿತು.

ಇಷ್ಟು ಹೊತ್ತು ಸ್ವರಗಳ ಮಾತಾಯಿತು. ವ್ಯಂಜನಗಳನ್ನೂ ಸಿಲಬಲ್ ಬಿಡಲಿಲ್ಲ. ‘ನಿದ್ದೆಮಾಡು’ ಎಂಬುದರ ಧಾತು ದೋರ್ಮ್. ಆದರೆ ಅವನು ನಿದ್ದೆ ಮಾಡುತ್ತಾನೆ ಎನ್ನಲು ಇಲ್ ದೋರ್. ಅವರು ನಿದ್ದೆ ಮಾಡುತ್ತಾರೆ ಎನ್ನಲು ಇಲ್ ದೋರ್ಮ್. ಸೇವೆಮಾಡು: ಸೇರ್, ಸೇರ್ವ್. ಬದುಕು: ವೀ, ವೀವ್. ಹೊರಡು: ಪಾರ್, ಪಾರ್ತ್. ಏಕವಚನದಲ್ಲಿ ಧಾತುವಿನ ಕೊನೆಯ ವ್ಯಂಜನ ಮಾಯ. ‘ಅವನು’ ಮತ್ತು ‘ಅವರು’ ಎರಡಕ್ಕೂ ಉಚ್ಚಾರಣೆ ‘ಇಲ್’ ಎಂದೇ ಇರುವುದರಿಂದ, ಮಲಗಿದವನು ಒಬ್ಬನೋ ಹಲವರೋ ಎಂದು ಕಿವಿಗೆ ಹೇಳುವುದು ಆ ಒಂದು ‘ಮ್’ ಮಾತ್ರ.

ಅದು ಹೋದದ್ದೇಕೆ, ಉಳಿದದ್ದೇಕೆ? ಏಕವಚನದ ದೋರ್-ಮಿತ್‌ನ ಕೊನೆಯ ಸ್ವರ ಉದುರಿದಾಗ ರ್, ಮ್, ತ್ ಮೂರೂ ಒಂದೇ ಸಿಲಬಲ್‌ನ ಬಾಲಕ್ಕೆ ಬಂದು ಒತ್ತಿಕೊಂಡವು. ಮೂರಕ್ಕೆ ಅಲ್ಲಿ ಸ್ಥಳವಿಲ್ಲ. ನಡುವಿನ ಮ್ ಹೊರಬಿತ್ತು. ಬರಹದಲ್ಲಿ ದ-ಒ-ರ-ತ ಉಳಿಯಿತು, ಮುಂದೆ ಆ ತ್ ಕೂಡ ಬಾಯಿಂದ ಇಳಿಯಿತು. ಬಹುವಚನದಲ್ಲಿ ದೋರ್-ಮೆಂತ್ ಎಂದು ಮ್‌ಗೆ ತನ್ನದೇ ಸ್ವರವಿತ್ತು. ಅದು ಮುಂದಿನ ಸಿಲಬಲ್‌ನ ತಲೆಯಾಗಿ ಭದ್ರವಾಗಿ ಕೂತಿತ್ತು. ಶತಮಾನಗಳ ಮೇಲೆ ಆ ಸ್ವರವೂ ಸತ್ತಿತು, ಆದರೆ ಅಷ್ಟು ಹೊತ್ತಿಗೆ ಮ್ ಬದುಕಿಕೊಂಡಿತ್ತು. ‘ಮಾತಾಡು’ವಿನಂಥವುಗಳಲ್ಲಿ ಏಕವಚನದಲ್ಲೂ ಹಿಂದೆ ಒಂದು ‘ಅ’ಕಾರ ಕಾವಲಿಗೆ ಇದ್ದದ್ದರಿಂದ ವ್ಯಂಜನ ಎಲ್ಲಿಯೂ ಉದುರಲಿಲ್ಲ. ಹಾಗಾಗಿ ಅವನು ಪಾರ್ಲ್, ಅವರೂ ಪಾರ್ಲ್. ನಿಯಮಿತತೆಗೆ ಕೊಟ್ಟ ಬೆಲೆ ಏನೆಂದರೆ ಕಿವಿಗೆ ವಚನವೇ ತಿಳಿಯದು.

ಕಳೆದುಕೊಂಡ ಮೇಲೆ ಗಳಿಸಿದ್ದನ್ನೂ ಹೇಳಬೇಕು. ಕನ್ನಡ ವ್ಯಾಕರಣದಲ್ಲಿ ಆಗಮ ಎಂದು ಕರೆಯುವ ವ್ಯಾಪಾರ ಫ್ರೆಂಚಿನ ಭವಿಷ್ಯತ್ ರೂಪಗಳಲ್ಲಿ ಭರ್ಜರಿಯಾಗಿ ನಡೆದಿದೆ. ಲ್ಯಾಟಿನ್‌ನ ಹಳೆಯ ಭವಿಷ್ಯತ್ ಕಾಲ ಬಿದ್ದುಹೋಗಿ, ‘ಬರಲು ನನಗಿದೆ’ ಎಂಬಂಥ ಕಟ್ಟು ಬಂತು. ಆ ‘ಇದೆ’ ಕ್ರಮೇಣ ಪ್ರತ್ಯಯವಾಗಿ ಅಂಟಿಕೊಂಡಿತು. ಇದರ ಅತಿ ಹಳೆಯ ಕುರುಹು ಫ್ರೆದೆಗಾರ್ ಹೆಸರಿನ 7ನೇ ಶತಮಾನದ ವೃತ್ತಾಂತದಲ್ಲಿದೆ, ಅದೂ ಒಂದು ಶ್ಲೇಷೆಯಾಗಿ. ಸೆರೆಸಿಕ್ಕ ಪರ್ಷಿಯಾದ ದೊರೆಗೆ ಚಕ್ರವರ್ತಿ ಜಸ್ಟಿನಿಯನ್ ಗೆದ್ದ ಪ್ರಾಂತ್ಯಗಳನ್ನು ಮರಳಿಸು ಎನ್ನುತ್ತಾನೆ. ದೊರೆ ಶುದ್ಧ ಲ್ಯಾಟಿನ್‌ನಲ್ಲಿ ಕೊಡೆನು ಎನ್ನುತ್ತಾನೆ. ಚಕ್ರವರ್ತಿ ಜನರ ಹೊಸ ಆಡುಮಾತಿನಲ್ಲಿ ‘ದರಾಸ್’, ಕೊಡುವೆ, ಎನ್ನುತ್ತಾನೆ. ಅಲ್ಲಿ ಎದ್ದ ಊರಿಗೆ ಅದೇ ಹೆಸರಾಯಿತಂತೆ. ಊರಿನ ಹೆಸರಿಗೆ ಹೆಣೆದ ಕಟ್ಟುಕಥೆ ನಿಜ. ಆದರೆ ಕಟ್ಟಿದವನ ಕಿವಿಯಲ್ಲಿ ಹೊಸ ಭವಿಷ್ಯತ್ ಆಗಲೇ ಮೊಳಗುತ್ತಿತ್ತು.

ಈ ಹೊಸ ಪ್ರತ್ಯಯ ಒತ್ತನ್ನು ತನ್ನ ಕಡೆಗೆ ಎಳೆದುಕೊಂಡಿತು. ವೆನೀರೆ ಎಂಬುದರ ನಡುವಿನ ‘ನೀ’ ಒತ್ತು ಕಳೆದುಕೊಂಡು ಪದದ ಹೊಟ್ಟೆಗೆ ಬಿತ್ತು; ದಾರ್ಮ್‌ಸ್ತೆತೇರ್ ಹೇಳಿದಂತೆ ಅದರ ಸ್ವರ ಉದುರಿತು. ಈಗ ಒಂದು ಸಿಲಬಲ್‌ನ ಕೊನೆಯ ನ್‌ಗೆ ಇನ್ನೊಂದರ ಮೊದಲ ರ್ ಮುಖಾಮುಖಿಯಾಯಿತು. ನಾಲಿಗೆ ನ್‌ನಿಂದ ರ್‌ಗೆ ಸರಿಯುವಾಗ ನಡುವೆ ಒಂದು ದ್ ತಾನಾಗಿಯೇ ಹುಟ್ಟುತ್ತದೆ. ನಿಧಾನವಾಗಿ ನುಡಿದು ನೋಡಿದರೆ ಗೊತ್ತಾಗುತ್ತದೆ. ಹಾಗೆ ಆದದ್ದು ವೆಂದ್ರೈ, ಇಂದಿನ ವ್ಯಾಂದ್ರೇ. ‘ಬಯಸು’ವಿನಲ್ಲಿ ಲ್ ಮತ್ತು ರ್ ನಡುವೆ ಇದೇ ದ್ ಹುಟ್ಟಿ ವೂದ್ರೇ. ಸುಮಾರು 880ರ ಸಂತ ಯುಲಾಲಿಯಾಳ ಸ್ತುತಿ ಫ್ರೆಂಚಿನ ಮೊಟ್ಟಮೊದಲ ಕಾವ್ಯ. ಈಗ ವಲಾಂಸಿಯೆನ್ ಊರಿನ ಒಂದು ಹಸ್ತಪ್ರತಿಯಲ್ಲಿ ಉಳಿದಿರುವ ಆ ಪುಟ್ಟ ಪದ್ಯದಲ್ಲೇ ‘ವೋಲ್ದ್ರೆಂತ್’, ‘ಸೋಸ್ತೆಂದ್ರೆಯೆತ್’ ಎಂಬ ಎರಡು ರೂಪಗಳಲ್ಲಿ ಈ ಆಗಂತುಕ ದ್ ಬಂದು ಕೂತಿದೆ.

ಆದ್ದರಿಂದ ಫ್ರೆಂಚಿನಲ್ಲಿ ದ್ ಕಂಡಲ್ಲೆಲ್ಲ ಧಾತುವಿನದು ಎಂದು ನಂಬಬಾರದು. ‘ಮಾರು’ ಎಂಬ ಅರ್ಥದ ವಾಂದ್ರ್‌ನಲ್ಲಿ ದ್ ಮನೆಯದೇ; ನಾವು ಮಾರುತ್ತೇವೆ ಎಂದಾಗಲೂ ವಾಂದೋಂ ಎಂದು ಅದು ಜೊತೆಗಿರುತ್ತದೆ. ‘ಬೀಸು’ ಎಂಬ ಅರ್ಥದ ಮೂದ್ರ್‌ನಲ್ಲಿ ದ್ ನೆಂಟ. ನಾವು ಬೀಸುತ್ತೇವೆ ಎಂದರೆ ಮೂಲೋಂ, ದ್ ಹೊರಟುಹೋಗಿ ಮೂಲದ ಲ್ ಮುಖ ತೋರಿಸುತ್ತದೆ. ಇನ್ನೊಂದು ತಮಾಷೆ: ಹಳೆಯ ಫ್ರೆಂಚಿನಲ್ಲಿ ‘ಬರುವೆನು’ ಮತ್ತು ‘ಮಾರುವೆನು’ ಎರಡೂ ವೆಂದ್ರೈ ಆಗಿಬಿಟ್ಟಿದ್ದವು. ಬೂಟಿನೊಳಗಿನ ವ್ಯಾಂ ರೂಪದಿಂದ ಸ್ವರ ಕಡ ತಂದು ‘ಬರುವೆನು’ ವ್ಯಾಂದ್ರೇ ಆದ ಮೇಲೆ ವ್ಯಾಪಾರಿಗಳ ಮಾತು ನೇರವಾಯಿತು.

ಸಿಲಬಲ್ ಧಾತುವನ್ನು ಸೀಳುವುದು ಮಧ್ಯಯುಗಕ್ಕೇ ಮುಗಿದ ಕೆಲಸವಲ್ಲ. ‘ಕರೆ’ ಎಂಬ ಅರ್ಥದ ಕ್ರಿಯಾಪದವನ್ನು ಇವತ್ತಿನ ಪ್ಯಾರಿಸ್ಸಿನವರು ನುಡಿಯುವುದನ್ನು ಕೇಳಿ: ನಾನು ಆಪೆಲ್, ನಾವು ಆಪ್ಲೋಂ. ಬರಹದಲ್ಲಿ ಇರುವ ನಡುವಿನ ಎಕಾರ, ಅದರ ಮುಂದೆ ಪೂರ್ಣ ಸ್ವರದ ಸಿಲಬಲ್ ಬಂದರೆ ಸದ್ದಿಲ್ಲದೆ ಕರಗುತ್ತದೆ. ಮುಂದಿನದು ತಾನೇ ಮೂಕವಾಗಿದ್ದರೆ, ಇದೂ ಕರಗಿದರೆ ಪದವೇ ನಿಲ್ಲದು ಎಂಬಂತೆ, ಲ್ ಅನ್ನು ಹಿಂದಕ್ಕೆ ಎಳೆದುಕೊಂಡು ಸಿಲಬಲ್ ಮುಚ್ಚಿ ಎ ಎಂದು ಗಟ್ಟಿಯಾಗಿ ನಿಲ್ಲುತ್ತದೆ. ಈ ‘ಎ’ಯನ್ನು ಬರಹದಲ್ಲಿ ತೋರಿಸಲು ಫ್ರೆಂಚರು ಎರಡು ದಾರಿ ಹಿಡಿದರು. ಕರೆ, ಎಸೆ ಎಂಬವುಗಳಲ್ಲಿ ವ್ಯಂಜನಕ್ಕೆ ದ್ವಿತ್ವ: ಒತ್ತಕ್ಷರದ ಹಿಂದಿನದು ಗುರು ಎಂಬ ನಮ್ಮ ಸೂತ್ರವೇ. ಕೊಳ್ಳು, ಹೆಪ್ಪುಗಟ್ಟು ಎಂಬವುಗಳಲ್ಲಿ ಸ್ವರದ ತಲೆಯ ಮೇಲೊಂದು ಓರೆಗೆರೆ. ಉಚ್ಚಾರಣೆ ಒಂದೇ, ಯಾವುದಕ್ಕೆ ಯಾವುದು ಎಂಬುದಕ್ಕೆ ತರ್ಕವಿಲ್ಲ. ಉಕ್ತಲೇಖನದಲ್ಲಿ ಮಕ್ಕಳಿಗೆ ಕೆಂಪು ಗೆರೆ ಬೀಳಲು ಇಷ್ಟು ಸಾಕು.

1990ರ ಡಿಸೆಂಬರ್ 6ರ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾದ ಕಾಗುಣಿತ ಪರಿಷ್ಕರಣೆ ಇದನ್ನು ಸರಿಪಡಿಸಲು ನೋಡಿತು: ಇಂಥವೆಲ್ಲಕ್ಕೂ ಓರೆಗೆರೆಯೇ ಇರಲಿ, ಕರೆ ಮತ್ತು ಎಸೆ ಹಾಗೂ ಅವುಗಳ ಬಳಗಕ್ಕೆ ಮಾತ್ರ ದ್ವಿತ್ವ. ಹಳೆಯದೂ ತಪ್ಪಲ್ಲ ಎಂದು ಒಂದು ಸಾಲು ಸೇರಿಸಿದ್ದರಿಂದ ಯಾರೂ ಹಠಾತ್ತನೆ ಬದಲಾಗಲಿಲ್ಲ. 2016ರಲ್ಲಿ ಶಾಲಾಪುಸ್ತಕ ಪ್ರಕಾಶಕರು ಹೊಸ ಕಾಗುಣಿತ ಬಳಸುತ್ತೇವೆ ಎಂದಾಗ ದೇಶವೆಲ್ಲ ಗುಲ್ಲೆದ್ದಿತು, ಇಪ್ಪತ್ತಾರು ವರ್ಷ ತಡವಾಗಿ. ಕೂಗಾಡಿದ್ದು ಬಹುಪಾಲು ಟೋಪಿಯಾಕಾರದ ಗುರುತಿಗಾಗಿ. ಕ್ರಿಯಾಪದಗಳ ತರ್ಕವನ್ನು ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಆ ಪರಿಷ್ಕರಣೆಯ ಅತಿ ವಿವೇಕದ ಸಾಲು ಕ್ರಿಯಾಪದಗಳದ್ದೇ.

ಬೂಟಿನ ಲೆಕ್ಕಕ್ಕೆ ಮರಳಿದರೆ ಇನ್ನೊಂದು ಒಗಟು ಉಳಿದಿದೆ. ‘ನೀವು’ ರೂಪಗಳೆಲ್ಲ ಏಕಾರದಲ್ಲಿ ಮುಗಿಯುತ್ತವೆ: ವನೇ, ಪಾರ್ಲೇ, ದವೇ. ಇಡೀ ಭಾಷೆಯಲ್ಲಿ ಮೂರು ಕ್ರಿಯಾಪದಗಳು ಮಾತ್ರ ಹಾಗಲ್ಲ. ನೀವು ಹೇಳುತ್ತೀರಿ: ವೂ ದೀತ್. ನೀವು ಮಾಡುತ್ತೀರಿ: ವೂ ಫೆತ್. ನೀವು ಇದ್ದೀರಿ: ವೂಜ್ ಎತ್. ಇದಕ್ಕೂ ಪ್ರಸ್ತಾರ ಹಾಕಬಹುದು. ದೀ-ಕಿ-ತಿಸ್, ಫ-ಕಿ-ತಿಸ್: ಎರಡರಲ್ಲೂ ನಡುವಿನ ‘ಕಿ’ ಲಘು, ಒತ್ತು ಧಾತುವಿನ ಮೇಲೆ. ಎಸ್-ತಿಸ್: ಎರಡೇ ಸಿಲಬಲ್. ಇಂಥ ಲ್ಯಾಟಿನ್ ಕ್ರಿಯಾಪದಗಳು ಬೇಕಾದಷ್ಟಿದ್ದವು, ಆದರೆ ಉಳಿದವೆಲ್ಲ ನೆರೆಹೊರೆಯನ್ನು ನೋಡಿ ಒತ್ತನ್ನು ಪ್ರತ್ಯಯಕ್ಕೆ ಬಿಟ್ಟುಕೊಟ್ಟವು. ದಿನಕ್ಕೆ ನೂರು ಸಲ ಬಾಯಲ್ಲಿ ಹೊರಳುವ ಈ ಮೂರಕ್ಕೆ ಮಾತ್ರ ಬಿಟ್ಟುಕೊಡುವ ಅಗತ್ಯ ಬೀಳಲಿಲ್ಲ.

ಫ್ರಾನ್ಸಿನ ಪುಟ್ಟ ಮಕ್ಕಳು ಇದನ್ನು ಒಪ್ಪುವುದಿಲ್ಲ. ನಾವು ಹೇಳುತ್ತೇವೆ ಎಂಬುದು ‘ದೀಜೋಂ’ ಆದ ಮೇಲೆ ನೀವು ‘ದೀಜೇ’ ಆಗಬೇಕಲ್ಲವೇ? ಮಕ್ಕಳು ‘ವೂ ದೀಜೇ’, ‘ವೂ ಫಜೇ’ ಎನ್ನುತ್ತಾರೆ, ದೊಡ್ಡವರು ತಿದ್ದುತ್ತಾರೆ. ಆದರೆ ಅದೇ ‘ಹೇಳು’ವಿಗೆ ಉಪಸರ್ಗ ಸೇರಿ ಎದುರಾಡು ಎಂದಾದಾಗ ‘ವೂ ಕೋಂತ್ರದೀಜೇ’ ಎನ್ನುವುದೇ ಸರಿಯಾದ ಫ್ರೆಂಚ್. ನಿಷೇಧಿಸು, ಭವಿಷ್ಯ ಹೇಳು, ಚಾಡಿ ಹೇಳು ಎಂಬವುಗಳಲ್ಲೂ ದೀಜೇ ಎಂಬುದೇ ವ್ಯಾಕರಣಶುದ್ಧ. ಪುನಃ ಹೇಳು ಎಂಬಲ್ಲಿ ಮಾತ್ರ ಮತ್ತೆ ದೀತ್. ಬರಿಯ ‘ಹೇಳು’ವಿನ ಮುಂದೆ ಅದೇ ಮಗುವಿನ ದೀಜೇಗೆ ಕೆಂಪು ಶಾಯಿ ಬೀಳುತ್ತದೆ.